ಬ್ರೆಡ್ ಘಟಕದ ಬಜೆಟ್: ಮಾರಾಟ ಏರಿದ ತಿಂಗಳಲ್ಲೇ ಲಾಭ ಇಳಿದದ್ದೇಕೆ?

ಹಾಸನದ ಲೆಕ್ಕಿಗ

ಸಣ್ಣ ಬ್ರೆಡ್ ಘಟಕವೊಂದರ ಒಂದು ತಿಂಗಳ ಲೆಕ್ಕವನ್ನು ಚರ್ಚೆಗೆ ಇಡುತ್ತಿದ್ದೇನೆ. ಅರ್ಥವಾಗಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ. ಘಟಕ 400 ಗ್ರಾಂ ಬ್ರೆಡ್ ಒಂದನ್ನೇ ಮಾಡುತ್ತದೆ ಎಂದಿಟ್ಟುಕೊಳ್ಳಿ.

ಬಜೆಟ್ ಹೀಗಿದೆ. 20,000 ಬ್ರೆಡ್, ಅಂಗಡಿಗೆ ಕೊಡುವ ದರ 32 ರೂ., ಮಾರಾಟ 6,40,000 ರೂ. ಒಂದೊಂದು ಬ್ರೆಡ್ಡಿಗೂ ತಗಲುವ, ಅಂದರೆ ಬ್ರೆಡ್ಡಿನ ಸಂಖ್ಯೆಯ ಜೊತೆ ಏರಿಳಿಯುವ ಖರ್ಚು 20 ರೂ.: ಸಾಮಗ್ರಿ 15, ಕವರ್ 1.50, ಇಂಧನ ಮತ್ತು ಕರೆಂಟು 2, ಸಾಗಣೆ 1.50. ಒಟ್ಟು 4,00,000. ಸ್ಥಿರ ಖರ್ಚು 1,80,000: ಸಂಬಳ 1,10,000, ಬಾಡಿಗೆ 40,000, ಕರೆಂಟಿನ ಸ್ಥಿರ ಭಾಗ 10,000, ಇತರೆ 20,000. ಲಾಭ 60,000.

ತಿಂಗಳ ಕೊನೆಯಲ್ಲಿ ಬಂದದ್ದು: 23,000 ಬ್ರೆಡ್ ಮಾರಾಟ, 7,24,500 ರೂ. ಏರಿಳಿಯುವ ಖರ್ಚು 4,92,200. ಸ್ಥಿರ ಖರ್ಚು 1,84,000. ಲಾಭ 48,300.

ಬಜೆಟ್ ಪಕ್ಕದಲ್ಲಿಟ್ಟು ನೋಡಿದರೆ ಮಾರಾಟ 84,500 ಜಾಸ್ತಿ, ಲಾಭ 11,700 ಕಮ್ಮಿ. ಮಾಲೀಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ: "ಸ್ವಲ್ಪ ಹೆಚ್ಚುಕಮ್ಮಿ ಆಗಿದೆ, ಮುಂದಿನ ತಿಂಗಳು ಸರಿಹೋಗುತ್ತೆ." ನನ್ನ ಪ್ರಶ್ನೆ ಎರಡು. ಈ ಅಂಕಿಗಳಿಂದ ನಿಜವಾಗಿ ಎಷ್ಟು ಹಣ ಸೋರಿದೆ ಎಂದು ಹೇಳಲು ಸಾಧ್ಯವೇ? ಬಜೆಟ್ಟನ್ನು ನಿಜದ ಅಂಕಿಗಳೊಂದಿಗೆ ತಾಳೆ ನೋಡಿ ಸರಿಪಡಿಸುವ ಬಜೆಟ್ ನಿಯಂತ್ರಣ ಎಂಬುದರಿಂದ ಇಷ್ಟು ಸಣ್ಣ ಘಟಕದ ಹಣಕಾಸಿನ ಸ್ಥಿತಿ ಸುಧಾರಿಸುತ್ತದೆ ಎನ್ನಲು ಆಧಾರವೇನು?

ಕಾಸ್ಟ್ ಶೀಟ್

ಸಾಧ್ಯ ಇದೆ ಸರ್. ಆದರೆ 20,000 ಬ್ರೆಡ್ಡಿನ ಬಜೆಟ್ಟಿಗೆ 23,000 ಬ್ರೆಡ್ಡಿನ ಖರ್ಚನ್ನು ಹೋಲಿಸಿದರೆ ಯಾವ ಉತ್ತರವೂ ಸಿಗುವುದಿಲ್ಲ. ಮೊದಲು ಬಜೆಟ್ಟನ್ನೇ 23,000ಕ್ಕೆ ಹಿಗ್ಗಿಸಿ ಬರೆಯಬೇಕು.

23,000 × 32 = 7,36,000 ಮಾರಾಟ. 23,000 × 20 = 4,60,000 ಏರಿಳಿಯುವ ಖರ್ಚು. ಸ್ಥಿರ ಖರ್ಚು ಅದೇ 1,80,000. ಅಂದರೆ ಇಷ್ಟು ಬ್ರೆಡ್ ಮಾರಿದಾಗ ಉಳಿಯಬೇಕಾಗಿದ್ದದ್ದು 96,000 ರೂ. ಉಳಿದದ್ದು 48,300. ಕೊರತೆ 11,700 ಅಲ್ಲ, 47,700. ಬರಬೇಕಾದ ಲಾಭದ ಅರ್ಧದಷ್ಟು ಹೋಗಿದೆ.

ಅದು ಎಲ್ಲಿ ಹೋಯಿತು ಎನ್ನುವುದೂ ಅದೇ ಹಾಳೆಯಲ್ಲಿ ಇದೆ. ಮಾರಾಟದ ದರ 32ರ ಬದಲು ಸರಾಸರಿ 31.50 ಬಂದಿದೆ, ಅಲ್ಲಿ 11,500. ಏರಿಳಿಯುವ ಖರ್ಚಿನಲ್ಲಿ 32,200. ಸ್ಥಿರ ಖರ್ಚಿನಲ್ಲಿ 4,000. ಕೂಡಿಸಿ, 47,700 ಬರುತ್ತದೆ. ಹೆಚ್ಚು ಮಾರಿದ 3,000 ಬ್ರೆಡ್ಡಿಗೆ ತಲಾ 12 ರೂ.ನಂತೆ 36,000 ರೂ. ಗಳಿಕೆಯಾಗಿದೆ. ಆ ಗಳಿಕೆ 47,700ರ ಸೋರಿಕೆಯನ್ನು ಮುಚ್ಚಿಹಾಕಿದ್ದರಿಂದಲೇ ಬರೀ 11,700 ಕಾಣಿಸಿದ್ದು. ವ್ಯಾಪಾರ ಚೆನ್ನಾಗಿ ನಡೆಯುವ ತಿಂಗಳಲ್ಲೇ ಬಜೆಟ್ ತಾಳೆ ಹೆಚ್ಚು ಬೇಕಾಗುವುದು ಈ ಕಾರಣಕ್ಕೆ. ಮಾರಾಟ ಇಳಿದ ತಿಂಗಳಲ್ಲಿ ಎಲ್ಲರೂ ಖರ್ಚನ್ನು ಕೆದಕುತ್ತಾರೆ, ಏರಿದ ತಿಂಗಳಲ್ಲಿ ಯಾರೂ ಕೆದಕುವುದಿಲ್ಲ.

ಈಗ 32,200ರ ಒಳಗೆ ಹೋಗಬೇಕು. ಮೈದಾ ಎಷ್ಟು ಕೆಜಿ ಹೋಯಿತು, ಯಾವ ದರಕ್ಕೆ ಕೊಂಡರು ಎಂಬುದಿದೆಯೇ?

ಹಾಸನದ ಲೆಕ್ಕಿಗ

ಇದೆ. ಬಜೆಟ್ಟಿನಲ್ಲಿ ಕೆಜಿಗೆ 38 ರೂ. ಹಿಡಿದಿತ್ತು, ಕೊಂಡದ್ದು ಸರಾಸರಿ 41ಕ್ಕೆ. ಖರ್ಚಾದ ಮೈದಾ 6,600 ಕೆಜಿ. ಒಂದು ಬ್ರೆಡ್ಡಿಗೆ ಇಷ್ಟು ಮೈದಾ ಎಂಬ ಅಳತೆ ಬಜೆಟ್ಟಿನಲ್ಲಿ ಇರಲಿಲ್ಲ, ರೂಪಾಯಿ ಲೆಕ್ಕ ಮಾತ್ರ ಇತ್ತು.

ಮೈದಾ ಮೂಟೆ

ಆ ಅಳತೆ ಇಲ್ಲದಿದ್ದರೆ ಬಜೆಟ್ ಅರ್ಧ ಮಾತ್ರ. ಹೀಗೆ ಕಟ್ಟಿಕೊಳ್ಳಿ.

50 ಕೆಜಿ ಮೂಟೆ ಒಂದು. ಅದಕ್ಕೆ ನೀರು 58 ಶೇಕಡಾ ಅಂದರೆ 29 ಕೆಜಿ, ಸಕ್ಕರೆ 2.5, ಕೊಬ್ಬು 1, ಈಸ್ಟ್ 1, ಉಪ್ಪು 1. ಒಟ್ಟು 84.5 ಕೆಜಿ ಕಲಸಿದ ಹಿಟ್ಟು. ಹುದುಗುವಾಗ ಕಳೆಯುವುದು, ಮಿಕ್ಸರಿಗೂ ಮೇಜಿಗೂ ಅಂಟುವುದು ಎಲ್ಲ ಸೇರಿ 2 ಶೇಕಡಾ ಕಳೆದರೆ 82.8 ಕೆಜಿ. ಬೇಯುವಾಗ ತೂಕ 10ರಿಂದ 12 ಶೇಕಡಾ ಇಳಿಯುವುದರಿಂದ 400 ಗ್ರಾಂ ಬ್ರೆಡ್ಡಿಗೆ 450 ಗ್ರಾಂ ಹಿಟ್ಟು ಕತ್ತರಿಸಬೇಕು. 82.8 ಕೆಜಿಗೆ 184 ಬ್ರೆಡ್. ಬ್ರೆಡ್ ಒಂದಕ್ಕೆ 0.272 ಕೆಜಿ ಮೈದಾ.

ನೀರಿನ ಪ್ರಮಾಣ ಮೈದಾದ ಮೇಲೆ ಹೋಗುತ್ತದೆ. ನೀರು ಕಮ್ಮಿ ಹಿಡಿಯುವ ಮೈದಾ ಬಂದರೆ ಅದೇ ಮೂಟೆಗೆ ಬ್ರೆಡ್ ಕಮ್ಮಿ ಏಳುತ್ತದೆ. ಕೆಜಿಗೆ ಒಂದು ರೂಪಾಯಿ ಅಗ್ಗ ಎಂದು ಮಿಲ್ ಬದಲಿಸುವ ಮೊದಲು ಒಂದು ಮೂಟೆ ಕಲಸಿ ಎಣಿಸಿ ನೋಡಬೇಕು. ಖರೀದಿಯಲ್ಲಿ ಉಳಿದದ್ದು ಮಿಕ್ಸರಿನಲ್ಲಿ ಹೋಗುವುದು ಬೇಕರಿಯಲ್ಲಿ ಮಾಮೂಲು. ದರದ ವ್ಯತ್ಯಾಸ, ಬಳಕೆಯ ವ್ಯತ್ಯಾಸ ಎರಡನ್ನೂ ಒಟ್ಟಿಗೆ ನೋಡಬೇಕು ಎನ್ನುವುದು ಅದಕ್ಕೇ.

ಕಾಸ್ಟ್ ಶೀಟ್

ಧನ್ಯವಾದ ಮೂಟೆಯವರೇ, ಈ ಅಳತೆಯೇ ಬೇಕಾಗಿತ್ತು.

23,000 × 0.272 = 6,256 ಕೆಜಿ ಸಾಕಾಗಬೇಕಿತ್ತು. ಹೋದದ್ದು 6,600. ದರದ ವ್ಯತ್ಯಾಸ: ಕೆಜಿಗೆ 3 ರೂ.ನಂತೆ 6,600 ಕೆಜಿಗೆ 19,800 ಹೆಚ್ಚು. ಬಳಕೆಯ ವ್ಯತ್ಯಾಸ: 344 ಕೆಜಿ × 38 = 13,072 ಹೆಚ್ಚು. ಒಟ್ಟು 32,872. ಬಳಕೆಯನ್ನು ಬಜೆಟ್ ದರದಲ್ಲೇ, ಅಂದರೆ 38ರಲ್ಲೇ ಗುಣಿಸಬೇಕು. 41ರಲ್ಲಿ ಗುಣಿಸಿದರೆ ಪೇಟೆಯ ಏರಿಕೆಯ ಒಂದು ಪಾಲು ಕೆಲಸಗಾರರ ತಲೆಗೆ ಬೀಳುತ್ತದೆ. ಉಳಿದ ಸಾಮಗ್ರಿ, ಇಂಧನ, ಸಾಗಣೆಯಲ್ಲಿ 672 ರೂ. ಉಳಿತಾಯವೇ ಆಗಿದೆ. ಅಂದರೆ ಏರಿಳಿಯುವ ಖರ್ಚಿನ ಸಮಸ್ಯೆ ಪೂರ್ತಿ ಮೈದಾದ್ದು. ಡೀಸೆಲ್, ಕವರ್ ಎಂದು ಎಲ್ಲ ಕಡೆ ಬಿಗಿ ಮಾಡುವ ಅಗತ್ಯ ಈ ತಿಂಗಳು ಇಲ್ಲ.

19,800 ಪೇಟೆಯ ವಿಷಯ. ಅದಕ್ಕೆ ಮಾಡಬಹುದಾದ್ದು ಮಾರಾಟ ದರವನ್ನು ಮರುನೋಡುವುದು, ಅಥವಾ ದರ ಇಳಿದಾಗ ಮೂರು ವಾರದ ಮೈದಾ ಹಿಡಿದಿಡಲು ಹಣ ಕಾದಿರಿಸುವುದು. 13,072 ಒಳಗಿನ ವಿಷಯ. 344 ಕೆಜಿ ಅಂದರೆ ಹೆಚ್ಚುಕಮ್ಮಿ ಏಳು ಮೂಟೆ.

ಹುಬ್ಬಳ್ಳಿ ಖಾತೆ

ಇಲ್ಲೆ ಒಂದು ಹೆಜ್ಜೆ ಸೇರಸಬೇಕ್ರಿ. 23,000 ಅನ್ನೋದು ಮಾರಿದ ಬ್ರೆಡ್ಡು. ಭಟ್ಟಿಯಿಂದ ಹೊರಗ ಬಂದದ್ದು ಎಷ್ಟು? ಲೈನ್ ಗಾಡಿಯಿಂದ (ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕೋ ಗಾಡಿ) ರಿಟರ್ನ್ ಬಂದ ಹಳೇ ಬ್ರೆಡ್ಡು ಅದರಾಗ ಇರತದ. 900 ರಿಟರ್ನ್ ಅದ ಅಂತ ಹಿಡೀರಿ. ಆಗ ತಯಾರಾದದ್ದು 23,900, ಅದಕ್ಕ ಬೇಕಾದ ಮೈದಾ 6,500.8 ಕೆಜಿ. ಹೆಚ್ಚಿಗಿ ಹೋದದ್ದು ಬರೇ 99.2 ಕೆಜಿ, ರೊಕ್ಕದಾಗ 3,770 ರೂಪಾಯಿ. ಉಳಿದ 9,302 ರೂಪಾಯಿ ರಿಟರ್ನ್ ಬ್ರೆಡ್ಡಿನ ಮೈದಾ. ಎರಡೂ ಕೂಡಿಸ್ರಿ, ಅದೇ 13,072.

ಇದು ಯಾಕ ಮುಖ್ಯ ಅಂದ್ರ, 13,072ನ್ನ ಹಿಡಕೊಂಡು ಭಟ್ಟಿ ಮಾಸ್ತರಗ ಬೈದರ ಅವನು ಮಾಡದ ತಪ್ಪಿಗೆ ಬೈದಂಗ ಆಗತದ. ರಿಟರ್ನಿನ ಹೊಣಿ ಲೈನ್ ಹುಡುಗರದು, ಮುಂಜಾನೆ ಎಷ್ಟು ಲೋಡ್ ಮಾಡಬೇಕು ಅಂತ ನಿರ್ಧಾರ ಮಾಡೋರದು. ಹಾಳಾದದ್ದು ಮೈದಾ ಅಷ್ಟೇ ಅಲ್ಲ. ರಿಟರ್ನ್ ಬ್ರೆಡ್ಡಿಗೆ ಸಕ್ಕರಿ, ಕವರು, ಡೀಸೆಲ್ಲು, ಸಾಗಣೆ ಎಲ್ಲಾ ಹೋಗಿರತದ. ತಲಾ 20 ರೂಪಾಯಿನಂಗ 900ಕ್ಕ 18,000. ಬಜೆಟ್ಟಿನಾಗ ರಿಟರ್ನಿಗೆ ಬ್ಯಾರೆ ಸಾಲು ಇರಲೇಬೇಕು, ಇಷ್ಟು ಶೇಕಡಾ ಅಂತ ಮಿತಿ ಹಾಕಿ. ರಸ್ಕ್ ಮಾಡಿ ಮಾರತೀರಿ ಅಂದ್ರ ಅದರಿಂದ ಬಂದದ್ದನ್ನ ಅದೇ ಸಾಲಿನಾಗ ಕಳೀರಿ.

ಲೈನ್‌ವಾರು ಚೀಟಿಗೆ ನಾಲ್ಕೇ ಕಾಲಂ ಸಾಕು: ಲೋಡ್, ಮಾರಾಟ, ಉಚಿತ, ರಿಟರ್ನ್. "ಡಜನ್‌ಗೆ ಒಂದು ಫ್ರೀ" ಸ್ಕೀಮ್ ಕೊಟ್ಟ ಬ್ರೆಡ್ಡನ್ನ ಎಲ್ಲಿ ಬರೀತೀರಿ ಅನ್ನೋದು ಮೊದಲೇ ತೀರ್ಮಾನ ಆಗಿರಬೇಕು. ಮಾರಾಟಕ್ಕ ಸೇರಿಸಿದರ ಸರಾಸರಿ ದರ ಇಳಿದಂಗ ಕಾಣತದ, ಬಿಟ್ಟರ ಮೈದಾ ಜಾಸ್ತಿ ತಿಂದಂಗ ಕಾಣತದ. ಒಂದು ತಿಂಗಳು ಹಂಗ, ಒಂದು ತಿಂಗಳು ಹಿಂಗ ಬರದರ ಯಾವ ತಾಳೇನೂ ಆಗೂದಿಲ್ಲ.

ಮೈದಾ ಮೂಟೆ

ಹುಬ್ಬಳ್ಳಿಯವರು ಹೇಳಿದ್ದು ಸರಿ. ಉಳಿದ 99 ಕೆಜಿಗೆ ಕಾರಣ ಹುಡುಕುವ ಕ್ರಮ ಹೇಳುತ್ತೇನೆ. ಮೊದಲು ಹಿಟ್ಟು ಕತ್ತರಿಸುವ ತೂಕ. 450ರ ಬದಲು 460 ಗ್ರಾಂ ಬಿದ್ದರೆ 23,900 ಬ್ರೆಡ್ಡಿಗೆ 239 ಕೆಜಿ ಹಿಟ್ಟು, ಅದರಲ್ಲಿ ಮೈದಾ ಸುಮಾರು 141 ಕೆಜಿ. ಬರೀ 7 ಗ್ರಾಂ ಜಾಸ್ತಿಯಾದರೂ 99 ಕೆಜಿ ತಲುಪುತ್ತದೆ. ಹಾಗಾಗಿ ಪ್ರತಿ ಪಾಳಿಯಲ್ಲೂ ಹತ್ತು ಉಂಡೆ ತೂಗಿ ಬರೆಯುವುದು ಎಲ್ಲಕ್ಕಿಂತ ಅಗ್ಗದ ನಿಯಂತ್ರಣ. ಕಮ್ಮಿ ಹಾಕುವುದೂ ಆಗದು, ಪ್ಯಾಕೆಟ್ ಮೇಲೆ 400 ಗ್ರಾಂ ಎಂದು ಅಚ್ಚಾಗಿದೆ, ಕಾನೂನು ಮಾಪನ ಇಲಾಖೆಯವರು ತೂಗಿ ನೋಡುತ್ತಾರೆ.

ಎರಡನೆಯದು ಮೂಟೆಯ ತೂಕ, ಇಳಿಸುವಾಗಲೇ ತೂಗಬೇಕು. ಮೂರನೆಯದು ಕರೆಂಟು ಹೋಗಿ ಹುಳಿಯಾಗಿ ಎಸೆದ ಹಿಟ್ಟು. ಅದಕ್ಕೊಂದು ಪುಸ್ತಕ ಇಲ್ಲದಿದ್ದರೆ ಯಾರೂ ಹೇಳುವುದಿಲ್ಲ.

ಕರಾವಳಿ ಕಾಮರ್ಸ್

ಲೆಕ್ಕ ಚೆನ್ನಾಗಿದೆ. ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಬರುತ್ತೇನೆ: ಇದರಿಂದ ಆರ್ಥಿಕ ಫಲಿತಾಂಶ ಸುಧಾರಿಸುತ್ತದೆಯೇ?

ಬಜೆಟ್ ಇರುವ ಉದ್ದಿಮೆಗಳ ಲಾಭ ಹೆಚ್ಚು, ಆದ್ದರಿಂದ ಬಜೆಟ್ ಮಾಡಿ ಎಂಬ ವಾದ ನನಗೆ ಒಪ್ಪಿಗೆಯಿಲ್ಲ ಮಾರಾಯ್ರೆ. ಲಾಭದಲ್ಲಿರುವ ಉದ್ದಿಮೆಗೆ ಲೆಕ್ಕಿಗನನ್ನು ಇಟ್ಟುಕೊಳ್ಳಲು ಶಕ್ತಿ ಇರುತ್ತದೆ, ಆದ್ದರಿಂದ ಅಲ್ಲಿ ಬಜೆಟ್ ಇರುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಆ ಹೋಲಿಕೆ ಹೇಳುವುದಿಲ್ಲ. ಮುಚ್ಚಿಹೋದ ಘಟಕಗಳು ಸಮೀಕ್ಷೆಯ ಕೈಗೆ ಸಿಗುವುದೂ ಇಲ್ಲ. ಹಾಗಾಗಿ ನೋಡಬೇಕಾದದ್ದು ಯಾವ ದಾರಿಯಲ್ಲಿ ಪರಿಣಾಮ ಆಗುತ್ತದೆ ಎಂಬುದನ್ನು. ಮೇಲಿನ ಉದಾಹರಣೆಯಲ್ಲಿ ಆ ದಾರಿ ಕಣ್ಣಿಗೆ ಕಾಣುತ್ತದೆ: 900 ರಿಟರ್ನ್ 400ಕ್ಕೆ ಇಳಿದರೆ ತಿಂಗಳಿಗೆ 10,000 ರೂ. ಉಳಿಯಿತು. ಇದನ್ನು ಮಾಡಿಸಿದ್ದು ಬಜೆಟ್ ಹಾಳೆಯಲ್ಲ, ರಿಟರ್ನ್ ಸಾಲಿನ ಎದುರು ಒಬ್ಬರ ಹೆಸರು ಬರೆದದ್ದು ಮತ್ತು ಮುಂದಿನ ತಿಂಗಳು ಮತ್ತೆ ಕೇಳಿದ್ದು.

ಸುಧಾರಣೆಯನ್ನು ಅಳೆಯುವುದಾದರೆ ಬರೀ ನಿವ್ವಳ ಲಾಭ ಹಿಡಿಯಬೇಡಿ, ಅದರಲ್ಲಿ ಮೈದಾ ಪೇಟೆಯೂ ಸೇರಿರುತ್ತದೆ. ಬ್ರೆಡ್ ಒಂದಕ್ಕೆ ಉಳಿಯುವ ಮೊತ್ತ, ಮೂಟೆಗೆ ಎದ್ದ ಬ್ರೆಡ್, ರಿಟರ್ನ್ ಶೇಕಡಾ, ದಾಸ್ತಾನು ಎಷ್ಟು ದಿನದ್ದು, ಉದ್ರಿ ಎಷ್ಟು ದಿನದ್ದು, ಓವರ್‌ಡ್ರಾಫ್ಟ್ ಬಡ್ಡಿ ಎಷ್ಟು. ಇವನ್ನು ಕಳೆದ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಿ. ಡಿಸೆಂಬರನ್ನು ನವೆಂಬರಿನೊಂದಿಗೆ ಹೋಲಿಸಿದರೆ ಕ್ರಿಸ್ಮಸ್ ಕೇಕಿನ ಪರಿಣಾಮ ಮಾತ್ರ ಸಿಕ್ಕೀತು.

ಕೆಟ್ಟ ಪರಿಣಾಮವೂ ಇದೆ, ಅದನ್ನೂ ಹೇಳಬೇಕು. ಮಾರಾಟದ ಗುರಿ ಮುಟ್ಟಿದರೆ ಬಹುಮಾನ ಎಂದರೆ ಲೈನಿನವರು ತಿಂಗಳ ಕೊನೆಯ ಎರಡು ದಿನ ಅಂಗಡಿಗಳಿಗೆ ಉದ್ರಿ ತುಂಬುತ್ತಾರೆ. ಮುಂದಿನ ತಿಂಗಳು ರಿಟರ್ನ್ ಬರುತ್ತದೆ, ಬಾಕಿ ನಿಲ್ಲುತ್ತದೆ. ಗುರಿಯನ್ನು ವಸೂಲಾದ ಹಣಕ್ಕೆ ಕಟ್ಟಬೇಕು, ಬಿಲ್ಲಿಗಲ್ಲ. ರಿಪೇರಿ ಬಜೆಟ್ ಕತ್ತರಿಸಿದರೆ ಆ ತಿಂಗಳು ಲಾಭ ಚೆಂದ ಕಾಣುತ್ತದೆ, ಬರ್ನರ್ ಕೈಕೊಟ್ಟ ದಿನ ಅಷ್ಟೂ ವಾಪಸ್ ಹೋಗುತ್ತದೆ. ಇನ್ನೊಂದು, ಉಳಿಸಿದವರ ಬಜೆಟ್ಟನ್ನೇ ಮುಂದಿನ ವರ್ಷ ಕತ್ತರಿಸುವ ಅಭ್ಯಾಸ. ಅದಾದ ಮೇಲೆ ಪ್ರತಿಯೊಬ್ಬರೂ ತಮ್ಮ ಸಾಲಿಗೆ ಹತ್ತು ಶೇಕಡಾ ಕೊಬ್ಬು ಸೇರಿಸಿಯೇ ಕೇಳುತ್ತಾರೆ.

ಡ್ರಾಯಿಂಗ್ ಪವರ್

ಇಷ್ಟೂ ಲಾಭದ ಮಾತಾಯಿತು. ಸಣ್ಣ ಉದ್ದಿಮೆ ಲಾಭ ತೋರಿಸುತ್ತಲೇ ಹಣವಿಲ್ಲದೆ ನಿಲ್ಲಬಹುದು. ಹಾಗಾಗಿ ಲಾಭದ ಬಜೆಟ್ಟಿನ ಜೊತೆ ನಗದು ಬಜೆಟ್ ಬೇರೆಯೇ ಬೇಕು, ಅದೂ ತಿಂಗಳಿನದ್ದಲ್ಲ, ವಾರದ್ದು. ಮುಂದಿನ 13 ವಾರ ಕಾಣುವಂತೆ ಬರೆಯಿರಿ. ಪ್ರತಿ ಸೋಮವಾರ ಮುಗಿದ ವಾರ ಅಳಿಸಿ ಹೊಸದೊಂದು ಸೇರಿಸಿ.

ಒಳಬರುವ ಹಣವನ್ನು ಬಿಲ್ ದಿನಾಂಕದ ಮೇಲೆ ಬರೆಯಬಾರದು. ಅಂಗಡಿಯವರು ವಾರಕ್ಕೊಮ್ಮೆ ಕೊಡುತ್ತಾರೆ, ಹೋಟೆಲ್, ಹಾಸ್ಟೆಲ್ ಕ್ಯಾಂಟೀನಿನವರು 30ರಿಂದ 45 ದಿನಕ್ಕೆ. ಆಯಾ ಗುಂಪಿನ ಕಳೆದ ಆರು ತಿಂಗಳ ನಿಜವಾದ ರೂಢಿ ಹಿಡಿಯಿರಿ. ಹೊರಹೋಗುವುದಕ್ಕೆ ದಿನಾಂಕ ಗಟ್ಟಿ ಇದೆ: ಸಾಲದ ಕಂತು, ಸಂಬಳ, ಪಿಎಫ್ ಮತ್ತು ಇಎಸ್‌ಐ 15ಕ್ಕೆ, ತಿಂಗಳ ಜಿಎಸ್‌ಟಿ 20ಕ್ಕೆ. ಮುಂಗಡ ಆದಾಯ ತೆರಿಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ, ಕ್ರಮವಾಗಿ ಒಟ್ಟು 15, 45, 75, 100 ಶೇಕಡಾ ತಲುಪುವಂತೆ. ಈ ದಿನಾಂಕಗಳ ಎದುರು ಯಾವ ವಾರ ಕೆಂಪು ಬರುತ್ತದೆ ಎಂದು ಆರು ವಾರ ಮೊದಲೇ ಕಂಡರೆ ಹೋಟೆಲಿನವರನ್ನು ಬೇಗ ಕೇಳಬಹುದು, ಮಿಲ್ಲಿನವರಿಂದ ವಾರದ ಸಮಯ ಪಡೆಯಬಹುದು. ಹಿಂದಿನ ದಿನ ಕಂಡರೆ ಕೈಸಾಲವೊಂದೇ ದಾರಿ.

ಬ್ಯಾಂಕಿನ ಕಡೆಯಿಂದ ಒಂದು ಮಾತು. ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಕ್ರಮದಲ್ಲಿ ದುಡಿಯುವ ಬಂಡವಾಳದ (ದಿನನಿತ್ಯದ ವಹಿವಾಟಿಗೆ ಕೊಡುವ ಸಾಲದ) ಮಿತಿ ಅಂದಾಜು ವಾರ್ಷಿಕ ವಹಿವಾಟಿನ ಕನಿಷ್ಠ 20 ಶೇಕಡಾ, ಉದ್ದಿಮೆಯವರ ಪಾಲು 5 ಶೇಕಡಾ. 80 ಲಕ್ಷದ ವಹಿವಾಟಿಗೆ 16 ಲಕ್ಷ ಮಿತಿ, 4 ಲಕ್ಷ ಸ್ವಂತದ್ದು. ಇದು ಸುಮಾರು ಮೂರು ತಿಂಗಳ ಚಕ್ರಕ್ಕೆ ಹೊಂದುವ ಲೆಕ್ಕ. ಮಿತಿ ದೊಡ್ಡದಾಗಲಿ ಎಂದು ಕೆಲವರು ವಹಿವಾಟನ್ನು ಉಬ್ಬಿಸಿ ಒಂದು ಬಜೆಟ್ ಬ್ಯಾಂಕಿಗೆ ಕೊಡುತ್ತಾರೆ, ಇನ್ನೊಂದನ್ನು ತಾವು ಇಟ್ಟುಕೊಳ್ಳುತ್ತಾರೆ. ಮಿತಿ ಮಂಜೂರಾದರೂ ತೆಗೆಯಲು ಸಿಗುವುದು ದಾಸ್ತಾನು, ಬಾಕಿ ತೋರಿಸಿ ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನ ಮೇಲೆ. ಸಾಲಕ್ಕೆ ತಂದ ಮೈದಾ ಕಳೆದು, ಹಳೇ ಬಾಕಿ ಕಳೆದು, ಮಾರ್ಜಿನ್ (ಉದ್ದಿಮೆಯವರ ಪಾಲು) ಕಳೆದು ಉಳಿದದ್ದಷ್ಟೇ. ನವೀಕರಣದ ದಿನ ಅಂದಾಜು ಮತ್ತು ನಿಜ ಪಕ್ಕಪಕ್ಕ ಬರುತ್ತವೆ. ಒಂದೇ ಬಜೆಟ್ ಇರಲಿ.

ಹಾಸನದ ಲೆಕ್ಕಿಗ

ಉದ್ರಿಯ ವಿಷಯಕ್ಕೆ ಸೇರಿಸಿ ಕೇಳುತ್ತೇನೆ. ಹೋಟೆಲಿನವರು 60, 70 ದಿನ ಎಳೆದರೆ ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ ಬಜೆಟ್ಟಿಗೆ ಎಷ್ಟು ನೆರವಾಗುತ್ತದೆ?

ಇಪ್ಪತ್ತನೇ ತಾರೀಕು

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇರುವ ಅತಿಸಣ್ಣ, ಸಣ್ಣ ತಯಾರಕರಿಗೆ 2006ರ ಕಾಯ್ದೆಯ 15ನೇ ಕಲಂ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದರ ಜೊತೆಗೆ 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿದ ಮೇಲೆ, ಅಂದರೆ 2023-24ರ ಲೆಕ್ಕದಿಂದ, ಆ ಅವಧಿಯೊಳಗೆ ಕೊಡದೆ ವರ್ಷ ದಾಟಿಸಿದ ಬಾಕಿಯನ್ನು ಕೊಳ್ಳುವವರು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿ. ಮಾರ್ಚ್‌ನಲ್ಲಿ ಹಳೇ ಬಾಕಿ ಸ್ವಲ್ಪ ಬೇಗ ಬರುವುದಕ್ಕೆ ಇದು ಕಾರಣ ಆಗುತ್ತದೆ. ಆದರೆ ನಗದು ಬಜೆಟ್ಟಿನಲ್ಲಿ ಆ ಬಡ್ಡಿಯನ್ನು ಆದಾಯ ಎಂದು ಬರೆಯಬೇಡಿ.

ಇದು ನಿಮ್ಮ ಮೇಲೂ ತಿರುಗುತ್ತದೆ. ಹಿಟ್ಟಿನ ಮಿಲ್ ಸಣ್ಣ ತಯಾರಕ ವರ್ಗದಲ್ಲಿದ್ದರೆ ನೀವೂ ಅದೇ ಅವಧಿಯೊಳಗೆ ಕೊಡಬೇಕು. ಮೈದಾ ಬರುವುದು ಮಂಡಿ ವ್ಯಾಪಾರಿಯಿಂದ ಎಂದರೆ ಈ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಸರಬರಾಜುದಾರರ ಪಟ್ಟಿಯಲ್ಲಿ ತಯಾರಕ, ವ್ಯಾಪಾರಿ ಎಂಬ ಕಾಲಂ ಒಂದನ್ನು ಸೇರಿಸಿಕೊಳ್ಳಿ.

ಜಿಎಸ್‌ಟಿಯನ್ನು ಬಜೆಟ್ಟಿನಲ್ಲಿ ತಪ್ಪಾಗಿ ಹಿಡಿಯುವುದು ಬೇಕರಿಗಳಲ್ಲಿ ತುಂಬ ಸಾಮಾನ್ಯ. ಬ್ರೆಡ್ಡಿಗೆ ತೆರಿಗೆ ಇಲ್ಲ. ಕೇಕು, ಬಿಸ್ಕತ್ತು 2025ರ ಸೆಪ್ಟೆಂಬರ್ 22ರಿಂದ 18ರಿಂದ 5 ಶೇಕಡಾಕ್ಕೆ ಇಳಿದಿವೆ. ಎರಡನ್ನೂ ಮಾಡುವ ಘಟಕ ಬಾಡಿಗೆ, ರಿಪೇರಿ ಮುಂತಾದ ಸಾಮಾನ್ಯ ಖರ್ಚಿನ ಮೇಲೆ ಕಟ್ಟಿ, ಮಾರಾಟದ ತೆರಿಗೆಯಿಂದ ಕಳೆದುಕೊಳ್ಳುವ ಇನ್‌ಪುಟ್ ತೆರಿಗೆಯಲ್ಲಿ ಬ್ರೆಡ್ಡಿನ ಪಾಲನ್ನು ವಾಪಸ್ ಮಾಡಲೇಬೇಕು. 40,000 ಬಾಡಿಗೆಗೆ 18 ಶೇಕಡಾ ಅಂದರೆ 7,200. ವಹಿವಾಟಿನಲ್ಲಿ ಬ್ರೆಡ್ 70 ಶೇಕಡಾ ಇದ್ದರೆ 5,040 ಸಿಗುವುದಿಲ್ಲ. ಆ ಘಟಕದ ಬಾಡಿಗೆ ಸಾಲು 40,000 ಅಲ್ಲ, 45,040. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೂ, 2024ರ ಅಕ್ಟೋಬರ್ 10ರಿಂದ ನೋಂದಾಯಿತ ಬಾಡಿಗೆದಾರರೇ ಆ ತೆರಿಗೆ ಕಟ್ಟಬೇಕು (ವಹಿವಾಟಿನ ಮೇಲೆ ಸಣ್ಣ ಶೇಕಡಾ ತೆರಿಗೆ ಕಟ್ಟುವ ಕಾಂಪೊಸಿಷನ್‌ನವರನ್ನು ಆಮೇಲೆ ಇದರಿಂದ ಹೊರಗಿಟ್ಟರು), ಅದೂ ನಗದಿನಲ್ಲಿ, ಇನ್‌ಪುಟ್ ಕ್ರೆಡಿಟ್ಟಿನಿಂದ ಅಲ್ಲ. ಇದನ್ನು ಮರೆತ ನಗದು ಬಜೆಟ್ 20ನೇ ತಾರೀಕು ತಪ್ಪುತ್ತದೆ.

ಕೇಕ್ ಕಡೆ ಇನ್ನೊಂದು ತೊಡಕು. ಮಾರಾಟಕ್ಕೆ 5 ಶೇಕಡಾ, ಪ್ಲಾಸ್ಟಿಕ್ ಪ್ಯಾಕಿಂಗ್, ಕಮರ್ಷಿಯಲ್ ಸಿಲಿಂಡರ್‌ಗೆ 18. ಕ್ರೆಡಿಟ್ ಗುಡ್ಡೆ ಬೀಳುತ್ತದೆ. ವಸ್ತುಗಳ ಮೇಲಿನದ್ದಕ್ಕೆ ಮರುಪಾವತಿ ಕೇಳಬಹುದು, ಬಾಡಿಗೆಯಂಥ ಸೇವೆಗಳ ಮೇಲಿನದ್ದು ಮರುಪಾವತಿಯ ಸೂತ್ರದಲ್ಲಿ ಬರುವುದಿಲ್ಲ. ಮರುಪಾವತಿ ಕೈಗೆ ಬರುವ ತನಕ ಅದನ್ನು ನಗದು ಎಂದು ಎಣಿಸಬೇಡಿ.

ಕಾಸ್ಟ್ ಶೀಟ್

ಸ್ಥಿರ ಖರ್ಚಿನ 4,000ದ ಬಗ್ಗೆ ಯಾರೂ ಹೇಳಲಿಲ್ಲ. ಸಣ್ಣದು, ಆದರೆ ಅಲ್ಲಿ ಬಜೆಟ್ಟೇ ತಪ್ಪಾಗಿರುವ ಸಾಧ್ಯತೆ ಹೆಚ್ಚು.

ಕರೆಂಟನ್ನು ಸ್ಥಿರ, ಏರಿಳಿಯುವ ಭಾಗ ಎಂದು ಒಡೆಯಲು ಹೆಚ್ಚು ತಯಾರಿಸಿದ ತಿಂಗಳು ಮತ್ತು ಕಮ್ಮಿ ತಯಾರಿಸಿದ ತಿಂಗಳು ಹಿಡಿಯಿರಿ. 26,000 ಬ್ರೆಡ್ಡಿಗೆ ಬಿಲ್ 17,800, 20,000 ಬ್ರೆಡ್ಡಿಗೆ 16,000 ಎಂದರೆ 6,000 ಬ್ರೆಡ್ಡಿಗೆ 1,800, ಒಂದಕ್ಕೆ 30 ಪೈಸೆ. ಉಳಿದ 10,000 ಸ್ಥಿರ. ಎರಡು ತಿಂಗಳ ನಡುವೆ ಎಸ್ಕಾಂ ದರ ಬದಲಾಗಿದ್ದರೆ ಈ ವಿಧಾನ ಕೈಕೊಡುತ್ತದೆ. ಹಾಗಾಗಿ ರೂಪಾಯಿ ಬಿಟ್ಟು ಯೂನಿಟ್ ಲೆಕ್ಕದಲ್ಲೇ ಒಡೆಯುವುದು ಒಳ್ಳೆಯದು. ಮಂಜೂರಾದ ಲೋಡ್ ಮೇಲಿನ ನಿಗದಿ ಶುಲ್ಕ ಯಂತ್ರ ನಿಂತಿದ್ದರೂ ಬರುತ್ತದೆ. ಬಳಸದ ಲೋಡ್ ಇದ್ದರೆ ಇಳಿಸಲು ಅರ್ಜಿ ಹಾಕಬಹುದು.

ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹನ್ನೆರಡಕ್ಕೆ ಹಂಚಿ. ಬೋನಸ್ ಕನಿಷ್ಠ 8.33 ಶೇಕಡಾ. 1,10,000 ಸಂಬಳದ ಪೂರ್ತಿ ಮೊತ್ತದ ಮೇಲೆ ಕೊಡುವವರಿಗೆ ತಿಂಗಳಿಗೆ 9,163. ವಿಮೆ, ಆಹಾರ ಪರವಾನಗಿ ಶುಲ್ಕ, ತಕ್ಕಡಿಗೆ ಮುದ್ರೆ ಹಾಕಿಸುವುದು, ಭಟ್ಟಿಯ ಸವಕಳಿ ಎಲ್ಲವೂ ಹೀಗೆಯೇ. ನಿಮ್ಮ 1,80,000ದಲ್ಲಿ ಬೋನಸ್ ಕಾಣುತ್ತಿಲ್ಲ. ದಸರಾ, ದೀಪಾವಳಿ ತಿಂಗಳಲ್ಲಿ ಒಮ್ಮೆಲೇ ಒಂದು ಲಕ್ಷದ ಮೇಲೆ ಹೊರಗೆ ಹೋದಾಗ ಆ ತಿಂಗಳು ನಷ್ಟ ಎನ್ನುತ್ತೀರಿ. ನಿಜದಲ್ಲಿ ಹಿಂದಿನ ಹನ್ನೊಂದು ತಿಂಗಳ ಲಾಭವೂ ಅಷ್ಟಷ್ಟು ಉಬ್ಬಿತ್ತು.

ಅದಕ್ಕಿಂತ ದೊಡ್ಡದು, ಮಾಲೀಕರ ಸಂಬಳದ ಸಾಲು ಇಲ್ಲದಿರುವುದು. ಗಲ್ಲಾದಿಂದ ಮನೆಖರ್ಚಿಗೆ ತೆಗೆದದ್ದು ಎಲ್ಲಿಯೂ ಬರೆದಿರುವುದಿಲ್ಲ. ನಿಗದಿತ ಮೊತ್ತವನ್ನು ತಿಂಗಳಿಗೊಮ್ಮೆ ಬ್ಯಾಂಕ್ ಮೂಲಕ ಮನೆಗೆ ಕಳಿಸಿ, ಗಲ್ಲಾದ ಹಣ ಪ್ರತಿದಿನ ಪೂರ್ತಿ ಜಮಾ ಆಗಲಿ. ಇದೊಂದು ಆಗದಿದ್ದರೆ ಉಳಿದ ಯಾವ ತಾಳೆಗೂ ಬೆಲೆಯಿಲ್ಲ. ನನ್ನ ಪ್ರಕಾರ ಬಜೆಟ್ ನಿಯಂತ್ರಣದ ಮೊದಲ ಮೆಟ್ಟಿಲು ಮೈದಾ ಅಲ್ಲ, ಇದೇ.

ಹಾಸನದ ಲೆಕ್ಕಿಗ

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲೇ ಮಾಡಿಬಿಡಬಹುದೇ, ಇಲ್ಲ ಎಕ್ಸೆಲ್ ಬೇಕೇ? ತಿಂಗಳಿಗೆ ಎಷ್ಟು ಕೆಲಸ ಇದು?

ಹುಬ್ಬಳ್ಳಿ ಖಾತೆ

ಎರಡೂ ಬೇಕ್ರಿ. ಟ್ಯಾಲಿ ಬಜೆಟ್ಟಿನಾಗ ಲೆಡ್ಜರ್‌ವಾರು, ಗ್ರೂಪ್‌ವಾರು ಮೊತ್ತ ಹಾಕಬಹುದು. ಖರ್ಚಿಗೆ ನೆಟ್ ಟ್ರಾನ್ಸಾಕ್ಷನ್ (ಆ ಅವಧಿಯ ವಹಿವಾಟು) ಆರಿಸ್ರಿ, ಬಾಕಿ, ದಾಸ್ತಾನಿನಂಥವಕ್ಕ ಕ್ಲೋಸಿಂಗ್ ಬ್ಯಾಲೆನ್ಸ್ (ಕಡೇಗೆ ಉಳಿದ ಮೊತ್ತ). ಆದರ ಅದು ಹಾಕಿದ ಮೊತ್ತಕ್ಕ ಹೋಲಸತದ, 23,000 ಬ್ರೆಡ್ಡಿಗೆ ತಾನಾಗೇ ಹಿಗ್ಗಸೂದಿಲ್ಲ. ಹಿಗ್ಗಸೂ ಕೆಲಸಕ್ಕ ಎಕ್ಸೆಲ್ಲಿನಾಗ ಒಂದು ಹಾಳಿ. ಕಾಲಂ ಹಿಂಗ ಇಡ್ರಿ: ಖರ್ಚಿನ ಹೆಸರು, ಬ್ರೆಡ್ಡಿಗೆ ದರ, ಮೂಲ ಬಜೆಟ್, ಹಿಗ್ಗಿಸಿದ ಬಜೆಟ್, ನಿಜ, ವ್ಯತ್ಯಾಸ, ಹೊಣಿ ಯಾರದು, ಏನ್ ಮಾಡೂದು.

ಸಾಲು ಎಂಟು ಹತ್ತು ಸಾಕು. ನಲವತ್ತು ಸಾಲು ಮಾಡಿದರ ಎರಡನೇ ತಿಂಗಳಿಗೆ ಬಿಟ್ಟಬಿಡತೀರಿ. ಎಲ್ಲಾ ವ್ಯತ್ಯಾಸಾನೂ ಬೆನ್ನತ್ತಬ್ಯಾಡ್ರಿ. 5 ಶೇಕಡಾನೂ ಮೀರಬೇಕು, 3,000 ರೂಪಾಯಿನೂ ಮೀರಬೇಕು, ಆಗ ಮಾತ್ರ ವಿಚಾರಣೆ ಅಂತ ಮಿತಿ ಹಾಕ್ರಿ. ಬರೇ ಶೇಕಡಾ ಹಿಡದರ ಸ್ಟೇಷನರಿ ಖರ್ಚು ದೊಡ್ಡ ಸುದ್ದಿ ಆಗತದ.

ಎಲ್ಲಾರೂ ತಪ್ಪೂ ಜಾಗ ಯಾವುದು ಅಂದ್ರ ದಾಸ್ತಾನು. ತಿಂಗಳ ಕಡೇ ರಾತ್ರಿ ಮೈದಾ, ಸಕ್ಕರಿ, ಡಾಲ್ಡಾ, ಕವರ್ ಎಣಿಸಿ ಬರೀಬೇಕು. ಆರಂಭದ ದಾಸ್ತಾನು, ಅದಕ್ಕ ಖರೀದಿ ಕೂಡಿಸಿ ಉಳಿದದ್ದು ಕಳದರನ ಬಳಕೆ ಸಿಗತದ. ಖರೀದಿ ಬಿಲ್ಲನ್ನ ಬಳಕೆ ಅಂತ ಹಿಡದರ 28ನೇ ತಾರೀಕು ಇಳಿಸಿದ ಅರವತ್ತು ಮೂಟಿ ಆ ತಿಂಗಳ ಖರ್ಚಾಗಿ ಕೂತಬಿಡತದ. ಕರೆಂಟಿನ ಬಿಲ್ ಬಂದಿಲ್ಲಂದ್ರ ಮೀಟರ್ ಓದಿ ಅಂದಾಜು ಹಾಕ್ರಿ.

ಲೆಕ್ಕ 5ನೇ ತಾರೀಕಿನೊಳಗ ಮುಗೀಬೇಕು. 25ಕ್ಕ ಕೈಗೆ ಬಂದ ವರದಿಯಿಂದ ಉಪಯೋಗ ಇಲ್ಲ, ಆ ತಿಂಗಳೂ ಹೋಗಿರತದ. ಪುಸ್ತಕ ದಿನಾ ಬರೀತಿದ್ದರ ಇದು ಅರ್ಧ ದಿನದ ಕೆಲಸ.

ಕರಾವಳಿ ಕಾಮರ್ಸ್

ಮೂಲ ಬಜೆಟ್ಟನ್ನು ವರ್ಷದ ನಡುವೆ ತಿದ್ದಬಹುದೇ ಎಂಬುದಕ್ಕೂ ಒಂದು ನಿಯಮ ಬೇಕು. ಮೈದಾ 38ರಿಂದ 41ಕ್ಕೆ ಏರಿ ಮೂರು ತಿಂಗಳು ಅಲ್ಲೇ ನಿಂತಿದ್ದರೆ ಪ್ರತಿ ತಿಂಗಳೂ ಅದೇ 19,800 ತೋರಿಸಿ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆ ದರಗಳನ್ನು ಮಾತ್ರ ತಿದ್ದಿ, ಹಳೇ ಕಾಲಂ ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯಿರಿ. 0.272 ಕೆಜಿ ಎಂಬ ಬಳಕೆಯ ಅಳತೆಯನ್ನು ಪಾಕ ಬದಲಾದಾಗ, ಮಿಲ್ ಬದಲಾದಾಗ ಬಿಟ್ಟರೆ ಮುಟ್ಟಬೇಡಿ. ವ್ಯತ್ಯಾಸ ಬಂತೆಂದು ಅಳತೆಯನ್ನೇ ಹಿಗ್ಗಿಸಿದರೆ ಮುಂದಿನ ತಿಂಗಳು ಎಲ್ಲವೂ ಸರಿಯಾಗಿ ಕಾಣುತ್ತದೆ, ಮೂಟೆಗೆ ಏಳುವುದು ಮಾತ್ರ ಅದೇ 181 ಬ್ರೆಡ್.

ಹಾಸನದ ಲೆಕ್ಕಿಗ

ಹಾಗಾದರೆ ಮೊದಲ ತಿಂಗಳಿಗೆ ಇಷ್ಟು ಹಿಡಿದುಕೊಳ್ಳುತ್ತೇನೆ: ಗಲ್ಲಾ ಪೂರ್ತಿ ಜಮಾ, ಮಾಲೀಕರ ಸಂಬಳ, ಲೈನ್ ಚೀಟಿಯ ನಾಲ್ಕು ಕಾಲಂ, ಪಾಳಿಗೆ ಹತ್ತು ಉಂಡೆ ತೂಕ, ಕೊನೆಯ ರಾತ್ರಿ ದಾಸ್ತಾನು ಎಣಿಕೆ. ರಿಟರ್ನಿಗೆ ಮಿತಿ ಎಷ್ಟು ಇಡಬೇಕು?

ಹುಬ್ಬಳ್ಳಿ ಖಾತೆ

ಹೊರಗಿನ ಅಂಕಿ ತಂದು ಹಾಕಬ್ಯಾಡ್ರಿ. ನಾಲ್ಕು ವಾರ ಲೈನ್‌ವಾರು ಬರೀರಿ, ಎಲ್ಲಕ್ಕಿಂತ ಕಮ್ಮಿ ರಿಟರ್ನ್ ಬಂದ ಲೈನಿನ ಶೇಕಡಾ ಏನದ ಅದನ್ನ ಉಳಿದ ಲೈನಿಗೆ ಗುರಿ ಇಡ್ರಿ. ಶನಿವಾರದ ಲೋಡ್ ಬ್ಯಾರೆ ಬರೀರಿ. ಭಾನುವಾರ ಕ್ಯಾಂಟೀನು, ಸಾಲಿ ಹತ್ತರದ ಅಂಗಡಿ ಬಂದ್ ಇರತಾವ, ಶನಿವಾರ ಹಾಕಿದ್ದರಾಗ ಎಷ್ಟು ಸೋಮವಾರ ವಾಪಸ್ ಬರತದ ಅನ್ನೋದು ಅಲ್ಲೇ ಗೊತ್ತಾಗತದ.